ಶಾಲೆಯ ಗೇಟ್ ಕಂಡರೆ ಹೊಟ್ಟೆ ಹಿಂಡುತ್ತದೆ: ಯುಕೆಜಿ ಟೀಚರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಕಲೇಶಪುರದ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದಿಂದ ಯುಕೆಜಿ ಟೀಚರ್ ಆಗಿದ್ದೇನೆ. ತರಗತಿಯಲ್ಲಿ 38 ಮಕ್ಕಳಿದ್ದಾರೆ. ಇರುವ ಒಬ್ಬ ಆಯಾ ಮೂರು ತರಗತಿಗಳಿಗೆ ಓಡಾಡಬೇಕು. ಮಕ್ಕಳೆಂದರೆ ನನಗೆ ಮೊದಲಿನಿಂದಲೂ ಜೀವ. ಆದರೆ ಈ ಜೂನ್‌ನಿಂದ ಬೆಳಿಗ್ಗೆ ಶಾಲೆಯ ಗೇಟ್ ಕಂಡರೆ ಹೊಟ್ಟೆ ಹಿಂಡುತ್ತದೆ. ಗಂಟಲು ಸದಾ ಕಟ್ಟಿರುತ್ತದೆ. ಪ್ರತಿ ಮಗುವಿನ ನಾಲ್ಕು ನೋಟ್‌ಬುಕ್ ದಿನವೂ ತಿದ್ದಬೇಕು, ರಾತ್ರಿ ಹತ್ತಾದರೂ ಮುಗಿಯುವುದಿಲ್ಲ. ಪೋಷಕರ ವಾಟ್ಸಾಪ್ ಬೇರೆ. ಮನೆಯಲ್ಲಿ ನಾಲ್ಕು ವರ್ಷದ ಮಗನ ಮೇಲೆ ರೇಗುತ್ತೇನೆ, ಆಮೇಲೆ ಒಬ್ಬಳೇ ಅಳುತ್ತೇನೆ. ಸಂಬಳ 12,000 ರೂಪಾಯಿ. ‘ಚಿಕ್ಕ ಮಕ್ಕಳ ಜೊತೆ ಆಟ ಆಡೋ ಕೆಲಸ, ಅದಕ್ಕೇನು ಟೆನ್ಷನ್’ ಅಂತಾರೆ ಮನೆಯವರು. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇ? ಬಿಟ್ಟುಬಿಡಲೇ?

ಉತ್ತರ: ಮೊದಲು ಒಂದು ಲೆಕ್ಕ ಹಾಕೋಣ. 38 ಮಕ್ಕಳಿಗೆ ತಲಾ ನಾಲ್ಕು ಎಂದರೆ 152 ನೋಟ್‌ಬುಕ್. ಒಂದಕ್ಕೆ ಒಂದೇ ನಿಮಿಷ ಹಿಡಿದರೂ ಎರಡೂವರೆ ಗಂಟೆ ದಾಟಿತು. ಡೈರಿ ಬರೆಯಲು ಮಗುವಿಗೆ ಅರ್ಧ ನಿಮಿಷವೆಂದರೆ ಇನ್ನೂ 19 ನಿಮಿಷ. ಹಗಲೆಲ್ಲ ನಿಂತೇ ಇದ್ದವರಿಗೆ ಸಂಜೆ ಸುಮಾರು ಮೂರು ಗಂಟೆ ಸಂಬಳವಿಲ್ಲದ ದುಡಿಮೆ. ಇನ್ನು ತರಗತಿಯ ಮಾತು. 2013ರ ರಾಷ್ಟ್ರೀಯ ಶಾಲಾಪೂರ್ವ ಆರೈಕೆ ಮತ್ತು ಶಿಕ್ಷಣ ನೀತಿಯ ಪ್ರಕಾರ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕು. ನಿಮ್ಮ ಪಾಲಿಗೆ ಬಂದಿರುವುದು ಹೆಚ್ಚುಕಡಿಮೆ ಇಬ್ಬರ ಕೆಲಸ. ಹೊಟ್ಟೆ ಹಿಂಡುವುದಕ್ಕೆ ನಿಮ್ಮ ಸ್ವಭಾವದಲ್ಲಿ ತಪ್ಪು ಹುಡುಕುವ ಮುಂಚೆ ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

‘ಆಟ ಆಡೋ ಕೆಲಸ’ ಎಂಬ ಮಾತಿಗೂ ಉತ್ತರವಿದೆ. ಒಳಗೆ ಏನೇ ಇರಲಿ, ಕೆಲಸದ ಹೊತ್ತಿನಲ್ಲಿ ಮುಖದಲ್ಲಿ ಬೇರೆಯೇ ಭಾವ ತೋರಿಸಬೇಕಾಗುವುದನ್ನು ಅಮೆರಿಕದ ಸಮಾಜವಿಜ್ಞಾನಿ ಆರ್ಲಿ ಹೊಕ್‌ಶೀಲ್ಡ್ 1983ರಲ್ಲೇ ಒಂದು ಬಗೆಯ ದುಡಿಮೆ ಎಂದು ಗುರುತಿಸಿದರು. ಒಂದು ಮಗು ವಾಂತಿ ಮಾಡಿಕೊಂಡಿದೆ, ಇನ್ನೊಂದು ಕಚ್ಚಿದೆ, ಮೂರನೆಯದಕ್ಕೆ ಅಮ್ಮ ಬೇಕು, ಬಾಗಿಲಲ್ಲಿ ಪೋಷಕರು ನಿಂತಿದ್ದಾರೆ. ಆಗಲೂ ನಗುನಗುತ್ತಲೇ ‘ಬಾ ಪುಟ್ಟ’ ಎನ್ನಬೇಕು. ಬ್ಯಾಂಕಿನ ಕೌಂಟರಿನಲ್ಲಿರುವವರು ಒಬ್ಬ ಗ್ರಾಹಕರನ್ನು ಕಳಿಸಿ ಇನ್ನೊಬ್ಬರನ್ನು ಕರೆಯಬಹುದು. ಯುಕೆಜಿಯಲ್ಲಿ ಎಲ್ಲರೂ ಒಟ್ಟಿಗೇ ಕೌಂಟರಿಗೆ ಬರುತ್ತಾರೆ. ಹಾಕಿಕೊಂಡ ನಗು ನಿಜವಾದ ನಗುವಿಗಿಂತ ಎಷ್ಟೋ ಹೆಚ್ಚು ದಣಿಸುತ್ತದೆ. ಸಂಜೆ ಮಗನ ಮುಂದೆ ನಿಮ್ಮ ಸಹನೆ ಖಾಲಿಯಾಗುವುದು ಹೀಗೆ. ಅದನ್ನು ಹಗಲಿಡೀ ಬೇರೆಯವರ ಮಕ್ಕಳಿಗೆ ಖರ್ಚು ಮಾಡಿ ಬಂದಿರುತ್ತೀರಿ.

ಕೆಲಸದಿಂದ ಬರುವ ಬಳಲಿಕೆಗೆ ಮೂರು ಮುಖಗಳಿವೆ ಎಂದು ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ರೂಪಿಸಿದ ಮಾಪನ ಹೇಳುತ್ತದೆ: ಮನಸ್ಸು ಬರಿದಾಗುವುದು, ಎದುರಿಗಿರುವವರು ಮನುಷ್ಯರೆನ್ನಿಸದೆ ಹೋಗುವುದು, ಮಾಡಿದ ಕೆಲಸಕ್ಕೆ ಬೆಲೆಯೇ ಇಲ್ಲವೆನ್ನಿಸುವುದು. ನಿಮ್ಮ ಪತ್ರದಲ್ಲಿ ಮೊದಲನೆಯದು ಪೂರ್ತಿ ಇದೆ, ಮೂರನೆಯದು ಶುರುವಾಗಿದೆ. ಎರಡನೆಯದು ಕಾಣುತ್ತಿಲ್ಲ, ಅದು ಒಳ್ಳೆಯ ಲಕ್ಷಣ. ಅದರ ಮೇಲೆ ಕಣ್ಣಿಡಿ. ಮಗುವನ್ನು ಹೆಸರು ಹಿಡಿದು ಕರೆಯುವ ಬದಲು ‘ಆ ಗಲಾಟೆಯವನು’ ಅನ್ನತೊಡಗಿದರೆ, ಅಳುವ ಮಗು ಕಂಡಾಗ ಕರುಣೆಗೆ ಮುಂಚೆ ಸಿಟ್ಟು ಬಂದರೆ, ಕೈ ಎತ್ತುವ ಹಂತಕ್ಕೆ ಹೋದರೆ, ಅಂದೇ ಮುಖ್ಯ ಶಿಕ್ಷಕರಿಗೆ ಹೇಳಿ ಒಂದೆರಡು ದಿನ ರಜೆ ಹಾಕಿ. ಅದು ನಿಮಗೂ ಮಗುವಿಗೂ ರಕ್ಷಣೆ.

ಈಗ ಮಾಡಬೇಕಾದದ್ದು. ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೇ. ದಿನಕ್ಕೆ ನಾಲ್ಕು ಸಲ, ಅಂದರೆ ಮಕ್ಕಳೆಲ್ಲ ಬಂದು ಕೂತಾಗ, ಡಬ್ಬಿ ಬಿಚ್ಚುವ ಹೊತ್ತಿಗೆ, ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಮತ್ತು ರಾತ್ರಿ ಮಲಗುವ ಮುಂಚೆ, ಒತ್ತಡಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು, ಆಗ ಏನಾಗುತ್ತಿತ್ತು ಎಂದು ಎರಡು ಪದ ಗೀಚಿ. ಐದು ದಿನಕ್ಕೆ ಇಪ್ಪತ್ತು ಅಂಕಗಳಾಗುತ್ತವೆ. ದಿನವಿಡೀ ಒಂದೇ ಸಮ ಕಷ್ಟ ಎನ್ನಿಸುತ್ತಿದ್ದದ್ದು ಹಾಳೆಯ ಮೇಲೆ ಹಾಗಿರುವುದಿಲ್ಲ. ಎರಡು ಮೂರು ಹೊತ್ತು ಮಾತ್ರ ಎಂಟು ಒಂಬತ್ತಕ್ಕೆ ಏರಿರುತ್ತವೆ. ರಿಪೇರಿ ಶುರುವಾಗಬೇಕಾದದ್ದು ಅಲ್ಲಿ.

ಆ ಹೊತ್ತುಗಳು ಹೆಚ್ಚಾಗಿ ಪಾಠದ ಹೊತ್ತುಗಳಾಗಿರುವುದಿಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವಿನ ಐದು ಹತ್ತು ನಿಮಿಷಗಳು. ಐದು ವರ್ಷದ ಮಗುವಿಗೆ ಸುಮ್ಮನೆ ಕಾಯುವುದು ದೊಡ್ಡ ಶಿಕ್ಷೆ. 38 ಮಕ್ಕಳನ್ನು ಒಂದೇ ಸಾಲಿನಲ್ಲಿ ಶೌಚಾಲಯಕ್ಕೆ ನಿಲ್ಲಿಸಿದರೆ ಕೊನೆಯ ಹತ್ತು ಮಕ್ಕಳು ಇಪ್ಪತ್ತು ನಿಮಿಷ ಕಾಯುತ್ತಾರೆ. ತಳ್ಳಾಟ, ಚಿವುಟಾಟ, ಚಡ್ಡಿ ಒದ್ದೆಯಾಗುವುದು ಎಲ್ಲವೂ ಅಲ್ಲೇ. ತರಗತಿಯನ್ನು ನಾಲ್ಕು ಗುಂಪು ಮಾಡಿ, ಒಂಬತ್ತು ಹತ್ತು ಮಕ್ಕಳಿಗೆ ಒಂದು. ಹಕ್ಕಿ, ಹೂವು, ಮೀನು, ಚಿಟ್ಟೆ ಎಂದು ಹೆಸರಿಡಿ. ಒಂದು ಗುಂಪು ಆಯಾ ಜೊತೆ ಹೋಗಲಿ, ಉಳಿದ ಮೂರು ಗುಂಪಿನ ಕೈಯಲ್ಲಿ ಏನಾದರೂ ಇರಲಿ: ಜೇಡಿಮಣ್ಣು, ಬಟ್ಟೆ ಕ್ಲಿಪ್ಪು, ಚಿತ್ರದ ಪುಸ್ತಕ. ಕೈಗೆ ಕೆಲಸ ಕೊಡದೆ ಬರೀ ಗುಂಪು ಮಾಡಿದರೆ ಪ್ರಯೋಜನವಿಲ್ಲ. ಒಂದು ಎಚ್ಚರಿಕೆ: ಹುಣಸೆಬೀಜ, ಅವರೆಕಾಳು ಕೊಟ್ಟರೆ ಮೂಗಿಗೆ ಸೇರಿಸಿಕೊಳ್ಳುತ್ತಾರೆ. ಬಾಟಲಿ ಮುಚ್ಚಳಗಳಷ್ಟು ದೊಡ್ಡದಿರಲಿ.

ಮಲೆನಾಡಿನ ಶಾಲೆಗೆ ಬಯಲುಸೀಮೆಯ ಶಾಲೆಗಿಲ್ಲದ ತೊಂದರೆಯೊಂದಿದೆ. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಂದೇ ತಿಂಗಳು. ಹೊಸ ಮಕ್ಕಳು ಅಮ್ಮನನ್ನು ಬಿಟ್ಟು ಅಳುವ ಜೂನ್‌ನಲ್ಲೇ ಮೈದಾನ ಮುಚ್ಚಿಹೋಗುತ್ತದೆ. ಆರಿದ್ರಾದಿಂದ ಪುಷ್ಯ ಮಳೆಯವರೆಗೆ ಐದಾರು ವಾರ ಮಕ್ಕಳು ಓಡುವುದೇ ಇಲ್ಲ. ಹೆತ್ತೂರು, ಯಸಳೂರು, ಹಾನುಬಾಳು ಕಡೆಯಿಂದ ವ್ಯಾನಿನಲ್ಲಿ ಬರುವ ಮಗು ಅಂಕುಡೊಂಕು ದಾರಿಯಲ್ಲಿ ಕುಲುಕಾಡಿ, ಒದ್ದೆ ಸಾಕ್ಸ್ ಹಾಕಿಕೊಂಡು, ಬೆಳಗಿನ ತಿಂಡಿ ಹೊಟ್ಟೆಯಲ್ಲಿ ನಿಲ್ಲದೆ ಬಂದಿರುತ್ತದೆ. ಆ ಮಗು ಹತ್ತು ಗಂಟೆಗೆ ಅಕ್ಷರ ಬರೆಯಲಿಲ್ಲವೆಂದರೆ ನಿಮ್ಮ ಪಾಠದಲ್ಲಿ ಕೊರತೆ ಇದ್ದಂತಲ್ಲ. ಈ ಜೂನ್‌ನಿಂದಲೇ ಹೊಟ್ಟೆ ಹಿಂಡಲು ಶುರುವಾಯಿತು ಎಂದಿದ್ದೀರಿ. ನಿಮ್ಮ ವಾರದ ಹಾಳೆ ಬಹುಶಃ ಇದನ್ನೇ ತೋರಿಸುತ್ತದೆ.

ಮಳೆಗಾಲಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಬಾಗಿಲಲ್ಲಿ ಎರಡು ಗೋಣಿಚೀಲ, ಹೊರಜಗುಲಿಯಲ್ಲಿ ಒಂದು ಹಗ್ಗ, ಪ್ರತಿ ಮಗುವಿನ ಹೆಸರು ಅಥವಾ ಚಿತ್ರ ಅಂಟಿಸಿದ 38 ಬಟ್ಟೆ ಕ್ಲಿಪ್ಪು. ರೇನ್‌ಕೋಟನ್ನು ಮಗುವೇ ಸಿಕ್ಕಿಸಲಿ. ಮೊದಲ ವಾರ ನಿಧಾನವಾಗುತ್ತದೆ, ಮೂರನೇ ವಾರದಿಂದ ನಿಮಗೆ ದಿನಕ್ಕೆ ಹತ್ತು ನಿಮಿಷ ಉಳಿಯುತ್ತದೆ. ಪ್ರತಿ ಮಗುವಿನ ಒಂದು ಜೊತೆ ಒಣ ಸಾಕ್ಸ್, ಒಳಚಡ್ಡಿ ಶಾಲೆಯಲ್ಲೇ ಇರಲಿ. ಮಕ್ಕಳು ಬಂದ ಕೂಡಲೇ ಬರವಣಿಗೆ ಬೇಡ. ಕಾರಿಡಾರಿನಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಮನೆ ಬರೆದು, ಚುಕುಬುಕು ರೈಲು ಆಡಿಸಿ, ಕಪ್ಪೆಯ ಹಾಗೆ ಕುಪ್ಪಳಿಸಿ ಒಂದು ಇಪ್ಪತ್ತು ನಿಮಿಷ ಮೈ ಬಿಸಿಯಾಗಲಿ. ಮೈಯ ಚಡಪಡಿಕೆ ಇಳಿಯದೆ ಪೆನ್ಸಿಲ್ ಹಿಡಿಸಿದ ಮಗು ಅರ್ಧ ಗಂಟೆಯಲ್ಲಿ ಪಕ್ಕದವನನ್ನು ತಿವಿಯುತ್ತದೆ. ಎಸ್ಟೇಟ್ ಕೂಲಿಕಾರರ ಲೈನ್‌ಮನೆಗಳಿಂದ ಬರುವ ಎಷ್ಟೋ ಮಕ್ಕಳ ಮನೆಮಾತು ಕನ್ನಡವಲ್ಲ. ‘ನೀರು’, ‘ಹೊಟ್ಟೆನೋವು’, ‘ಒಂದಕ್ಕೆ’, ‘ಅಮ್ಮ’ ಇವಕ್ಕೆ ಅವರ ಭಾಷೆಯ ಪದಗಳನ್ನು ಪೋಷಕರಿಂದ ಕೇಳಿ ಗೋಡೆಗೆ ಚಿತ್ರದೊಂದಿಗೆ ಅಂಟಿಸಿ. ಮಗುವಿನ ಅಳು ಏಕೆಂದು ತಿಳಿಯದೆ ಹೋಗುವುದರಷ್ಟು ಟೀಚರನ್ನು ಸುಸ್ತು ಮಾಡುವುದು ಬೇರೊಂದಿಲ್ಲ.

ಮಳೆಗೆ ರಜೆ ಘೋಷಣೆಯಾಗಿ, ಶನಿವಾರ ಪೂರ್ತಿ ದಿನ ನಡೆಸಿ ಪೋರ್ಷನ್ ಮುಗಿಸಿ ಎಂಬ ಒತ್ತಡ ಬಂದಾಗ ಒಂದು ಸಂಗತಿ ನೆನಪಿರಲಿ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರು ವರ್ಷದೊಳಗಿನ ಮಕ್ಕಳ ಕಲಿಕೆ ಆಟದ ಮೂಲಕವೇ ನಡೆಯಬೇಕು, ಪಠ್ಯಪುಸ್ತಕದ ಹೊರೆ ಬೇಡ ಎನ್ನುತ್ತದೆ. ಯುಕೆಜಿಯಲ್ಲಿ ತಪ್ಪಿಹೋದ ನಾಲ್ಕು ದಿನವನ್ನು ಯೋಜನೆಯಿಂದ ತೆಗೆದುಹಾಕಬಹುದು, ಉಳಿದ ದಿನಗಳಿಗೆ ತುರುಕಬೇಕಾಗಿಲ್ಲ. ಡಿಸೆಂಬರ್‌ನ ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿನಲ್ಲಿ ಕಳೆದುಹೋಗುವ ದಿನಗಳಿಗೂ ಇದೇ ಮಾತು.

ನೋಟ್‌ಬುಕ್‌ಗೆ ಬರೋಣ. ನಿಮ್ಮ ರಾತ್ರಿಯನ್ನು ತಿನ್ನುತ್ತಿರುವುದು ಅದೇ. ಮಾಡಿಟ್ಟ ನಾಲ್ಕು ಗುಂಪಿಗೆ ಸೋಮವಾರದಿಂದ ಗುರುವಾರದವರೆಗೆ ಒಂದೊಂದು ದಿನ ಹಂಚಿ. ಆ ದಿನ ಆ ಒಂಬತ್ತು ಹತ್ತು ಮಕ್ಕಳ ಪುಸ್ತಕವನ್ನು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿ. ಸುಮಾರು ನಲವತ್ತು ಪುಸ್ತಕ, ಶಾಲೆಯ ಅವಧಿಯಲ್ಲೇ ಮುಗಿಯುತ್ತದೆ. ಉಳಿದವರ ಪುಟಕ್ಕೆ ಆ ದಿನ ನೋಡಿದ ಗುರುತಿಗೆ ಒಂದು ಮೊಹರು ಸಾಕು. ಶುಕ್ರವಾರ ಗೈರುಹಾಜರಾದವರಿಗೆ. ಮಗು ಎದುರಿಗಿರುವಾಗ ‘ಅ’ ಬರೆಯಲು ಎಲ್ಲಿಂದ ಶುರುಮಾಡುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ರಾತ್ರಿ ಹತ್ತಕ್ಕೆ ಹಾಕಿದ ಕೆಂಪು ಗೀಟು ಮಗುವಿಗೆ ಏನನ್ನೂ ಕಲಿಸುವುದಿಲ್ಲ, ಅದು ಪೋಷಕರಿಗಾಗಿ ಹಾಕುವ ಗೀಟು. ಮುಖ್ಯ ಶಿಕ್ಷಕರಿಗೆ ಇದನ್ನು ಹೀಗೆಯೇ ಹೇಳಬಹುದು.

ಗಂಟಲಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗದ್ದಲವಿದ್ದಲ್ಲಿ ನಮಗರಿವಿಲ್ಲದೆ ದನಿ ಏರುತ್ತದೆ, ದನಿ ಏರಿದಂತೆ ಮಕ್ಕಳ ಗದ್ದಲವೂ ಏರುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿದ್ದರಂತೂ ಕೂಗದೆ ಗತಿಯಿಲ್ಲ. ಸುಮ್ಮನಾಗಿಸಲು ದನಿಯ ಬದಲು ಒಂದು ಸಣ್ಣ ಗಂಟೆ, ಕಂಜಿರ ಅಥವಾ ಚಪ್ಪಾಳೆಯ ಒಂದು ತಾಳ ಗೊತ್ತುಮಾಡಿ, ದಿನಾ ಅದೇ ಇರಲಿ. ಹತ್ತು ದಿನದಲ್ಲಿ ರೂಢಿಯಾಗುತ್ತದೆ. ಕತೆ ಹೇಳುವಾಗ ಅರ್ಧ ತರಗತಿಯನ್ನಷ್ಟೇ ಹತ್ತಿರ ಕೂರಿಸಿಕೊಳ್ಳಿ. ದನಿ ಕಟ್ಟಿದಾಗ ಪಿಸುಮಾತಿಗಿಳಿದರೆ ಗಂಟಲಿಗೆ ಇನ್ನೂ ಆಯಾಸ. ಮೆಲ್ಲನೆ, ಸಹಜ ದನಿಯಲ್ಲೇ ಮಾತಾಡಿ. ಶೌಚಾಲಯಕ್ಕೆ ಹೋಗಲು ಬಿಡುವಿಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯದ ಟೀಚರುಗಳು ಬಹಳ. ಗಂಟಲು ಒಣಗುವುದು, ತಲೆನೋವು, ಉರಿಮೂತ್ರ ಮೂರೂ ಒಟ್ಟಿಗೆ ಬರುವುದು ಇದರಿಂದ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಆಯಾ ಐದು ನಿಮಿಷ ನಿಮ್ಮ ತರಗತಿಯಲ್ಲಿ ನಿಲ್ಲುವ ಹೊತ್ತನ್ನು ವೇಳಾಪಟ್ಟಿಯಲ್ಲೇ ಬರೆಸಿ. ಬರೆಯದ ಬಿಡುವು ಸಿಗುವುದಿಲ್ಲ. ದನಿ ಒಡೆದದ್ದು ಮೂರು ವಾರ ದಾಟಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ದನಿಯ ತರಬೇತಿ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ವಾಟ್ಸಾಪ್ ಗ್ರೂಪಿಗೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಈ ಸಂದೇಶ ಹಾಕಿ: ‘ಎಲ್ಲ ಪೋಷಕರಿಗೂ ನಮಸ್ಕಾರ. ನಿಮ್ಮ ಸಂದೇಶಗಳಿಗೆ ಶಾಲಾ ದಿನಗಳಲ್ಲಿ ಮಧ್ಯಾಹ್ನ 3.30ರಿಂದ 4.15ರ ಒಳಗೆ ಉತ್ತರಿಸುತ್ತೇನೆ. ಮಗುವಿಗೆ ಹುಷಾರಿಲ್ಲ, ವ್ಯಾನ್ ತಪ್ಪಿದೆ ಎಂಬಂಥ ತುರ್ತಿಗೆ ದಯವಿಟ್ಟು ಶಾಲೆಯ ಕಚೇರಿಗೆ ಫೋನ್ ಮಾಡಿ.’ ಹಾಕಿದ ಮೇಲೆ ರಾತ್ರಿ ಒಂಬತ್ತಕ್ಕೆ ಒಬ್ಬರಿಗೂ ಉತ್ತರಿಸಬಾರದು. ಒಂದೇ ಸಲ ಉತ್ತರಿಸಿದರೂ ನಿಯಮ ಬಿದ್ದುಹೋಗುತ್ತದೆ. ಪೋಷಕರ ಸಿಟ್ಟಿನ ದೊಡ್ಡ ಪಾಲು ಬರುವುದು ಗಾಯದ ಗುರುತನ್ನು ಮನೆಯಲ್ಲಿ ತಾವೇ ಕಂಡುಹಿಡಿದಾಗ. ಕಚ್ಚಿದ್ದು, ತರಚಿದ್ದು ಏನೇ ಇದ್ದರೂ ಒಂದು ಪುಸ್ತಕದಲ್ಲಿ ಸಮಯ, ಜಾಗ, ಏನಾಯಿತು, ಏನು ಮಾಡಿದೆವು ಎಂದು ನಾಲ್ಕು ಸಾಲು ಬರೆದು, ಗೇಟಿನಲ್ಲಿ ನೀವೇ ಮೊದಲು ಹೇಳಿ. ಕಚ್ಚಿದ ಮಗುವಿನ ಹೆಸರು ಹೇಳಬೇಡಿ.

ಇಷ್ಟು ನಿಮ್ಮ ಕೈಯಲ್ಲಿರುವುದು. ಆದರೆ ಗಂಟೆ ಬಾರಿಸಿ, ಗುಂಪು ಮಾಡಿ 38 ಮಕ್ಕಳನ್ನು 20 ಮಾಡಲಾಗುವುದಿಲ್ಲ. ಟೀಚರಿಗೆ ಧ್ಯಾನ ಹೇಳಿಕೊಟ್ಟು ಮಕ್ಕಳ ಸಂಖ್ಯೆಯ ಮಾತೇ ಎತ್ತದ ಒತ್ತಡ ನಿರ್ವಹಣಾ ಕಾರ್ಯಾಗಾರಗಳ ಬಗ್ಗೆ ನಮ್ಮ ತಕರಾರು ಇರುವುದು ಇಲ್ಲಿ. ಕೆಲಸ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂಬ ತೀರ್ಮಾನ ಕೈಯಲ್ಲಿಲ್ಲದಿದ್ದಾಗ ಒತ್ತಡ ಅತಿ ಹೆಚ್ಚು ಎಂದು ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಕೆಲಸವನ್ನು ಇಳಿಸಬೇಕು, ಇಲ್ಲವೇ ತೀರ್ಮಾನದ ಪಾಲು ಕೊಡಬೇಕು. ಎರಡೂ ಆಡಳಿತ ಮಂಡಳಿಯ ಕೈಯಲ್ಲಿವೆ.

ಆದ್ದರಿಂದ ಮುಖ್ಯ ಶಿಕ್ಷಕರ ಬಳಿ ಹೋಗಿ, ಆದರೆ ‘ನನ್ನ ಕೈಲಿ ಆಗ್ತಿಲ್ಲ ಮೇಡಂ’ ಎಂದು ಶುರುಮಾಡಬೇಡಿ. ಹಾಗೆಂದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ವಾರದ ಹಾಳೆಯನ್ನೂ 152 ಪುಸ್ತಕದ ಲೆಕ್ಕವನ್ನೂ ಮೇಜಿನ ಮೇಲಿಟ್ಟು, ಒಂದೇ ಒಂದು ಬೇಡಿಕೆ ಇಡಿ: ‘ಮೇಡಂ, ಬೆಳಿಗ್ಗೆ ಮಕ್ಕಳು ಬರುವ ಮುಕ್ಕಾಲು ಗಂಟೆ ಮತ್ತು ಊಟದ ಮುಕ್ಕಾಲು ಗಂಟೆ ಎರಡನೆಯವರೊಬ್ಬರು ನನ್ನ ತರಗತಿಯಲ್ಲಿರಲಿ. ಆರು ವಾರ ನೋಡೋಣ. ಬಿದ್ದು ಪೆಟ್ಟಾದದ್ದು, ಪೋಷಕರ ದೂರು ಎಷ್ಟು ಕಡಿಮೆಯಾಯಿತು ಅಂತ ನಾನೇ ಬರೆದು ಕೊಡ್ತೀನಿ.’ ದಿನಕ್ಕೆ ಒಂದೂವರೆ ಗಂಟೆಯ ಸಹಾಯಕ್ಕೆ ಆಗುವ ಖರ್ಚು, ಅನುಭವವಿರುವ ಟೀಚರ್ ವರ್ಷದ ಮಧ್ಯೆ ಬಿಟ್ಟುಹೋದರೆ ಆಗುವ ನಷ್ಟಕ್ಕಿಂತ ಬಹಳ ಕಡಿಮೆ. ಸಾಧ್ಯವಾದರೆ ಎಲ್‌ಕೆಜಿ ಟೀಚರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರು ಹೇಳಿದರೆ ಅವರ ಸಮಸ್ಯೆ, ಇಬ್ಬರು ಹೇಳಿದರೆ ಶಾಲೆಯ ಸಮಸ್ಯೆ ಎಂದು ಕೇಳಿಸುತ್ತದೆ. ಮುಂದಿನ ಜೂನ್‌ಗೆ ಇನ್ನೊಂದು ಬೇಡಿಕೆಯನ್ನು ಈಗಲೇ ದಾಖಲಿಸಿ: ಹೊಸ ಮಕ್ಕಳನ್ನು ಎಲ್ಲರನ್ನೂ ಒಂದೇ ದಿನ ಕರೆಸದೆ, ಎರಡೆರಡು ದಿನಕ್ಕೆ ಹತ್ತು ಮಕ್ಕಳಂತೆ ಸೇರಿಸಿಕೊಂಡು ಹೋಗುವುದು.

ಮನೆಯಲ್ಲಿ, ಶಾಲೆಯಿಂದ ಬಂದ ಮೊದಲ ಇಪ್ಪತ್ತು ನಿಮಿಷ ಮಗನ ಹೊಣೆ ಬೇರೆಯವರದಾಗಿರಲಿ. ಮುಖ ತೊಳೆದು, ಒಂದು ಲೋಟ ಕಾಫಿ ಕುಡಿದು, ಯಾರ ಜೊತೆಯೂ ಮಾತಾಡದೆ ಕೂತು ಆಮೇಲೆ ಅವನನ್ನು ಎತ್ತಿಕೊಳ್ಳಿ. ರೇಗಿದ ದಿನ ಒಬ್ಬರೇ ಅಳುವುದಕ್ಕಿಂತ, ‘ಅಮ್ಮಂಗೆ ಸುಸ್ತಾಗಿತ್ತು, ನಿಂದೇನೂ ತಪ್ಪಿಲ್ಲ’ ಎಂದು ಅವನಿಗೇ ಹೇಳಿ. ನಾಲ್ಕು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ.

ದೇಹವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ, ಅಥವಾ ಥೈರಾಯ್ಡ್ ಏರುಪೇರಾಗಿದ್ದರೆ ಸುಸ್ತು, ಸಿಡುಕು, ಅಳು ಎಲ್ಲವೂ ಬರುತ್ತವೆ. ಅದಕ್ಕೆ ಮಾತ್ರೆ ಬೇಕು, ವೇಳಾಪಟ್ಟಿ ಬದಲಿಸಿದರೆ ಹೋಗುವುದಿಲ್ಲ. ಕೆಲಸದ ಬಳಲಿಕೆಗೂ ಖಿನ್ನತೆಗೂ ವ್ಯತ್ಯಾಸ ತಿಳಿಯಲು ದಸರಾ ರಜೆ ಒಳ್ಳೆಯ ಸಮಯ. ರಜೆಯ ನಾಲ್ಕನೇ ಐದನೇ ದಿನಕ್ಕೆ ಹಸಿವು, ನಿದ್ದೆ, ನಗು ಮರಳಿದರೆ ಕಾರಣ ಹೆಚ್ಚಾಗಿ ಕೆಲಸವೇ. ಮರಳದಿದ್ದರೆ, ಅಥವಾ ಎರಡು ವಾರ ಎಡೆಬಿಡದೆ ಯಾವುದರಲ್ಲೂ ಖುಷಿ ಕಾಣದೆ ಬೆಳಗಿನ ಜಾವವೇ ಎಚ್ಚರವಾಗುತ್ತಿದ್ದರೆ, ರಜೆಗೆ ಕಾಯದೆ ಮನೋವೈದ್ಯರನ್ನು ಕಾಣಿ. ಹಾಸನದ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ದಿನದ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡವೆನ್ನಿಸಿದರೆ ಆ ಕ್ಷಣವೇ ಮನೆಯವರೊಬ್ಬರಿಗೆ ಹೇಳಿ ಕರೆ ಮಾಡಿ.

ಬಿಡಲೇ ಎಂಬ ಪ್ರಶ್ನೆ ಉಳಿಯಿತು. ಕೆಲಸಕ್ಕೆ ನಾವು ಅಂಟಿಕೊಳ್ಳುವ ಕಾರಣಗಳನ್ನು ಮೇಯರ್ ಮತ್ತು ಆಲೆನ್ ಎಂಬ ಮನೋವಿಜ್ಞಾನಿಗಳು 1991ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು: ಇಷ್ಟ, ಬಿಟ್ಟರೆ ನಷ್ಟವೆಂಬ ಲೆಕ್ಕ, ಬಿಡಬಾರದೆಂಬ ಹಂಗು. ಮೂರಕ್ಕೂ ಒಂದೊಂದು ಅಂಕಣ ಮಾಡಿ ನಿಮ್ಮ ಕಾರಣಗಳನ್ನು ಬರೆಯಿರಿ. ಮೊದಲ ಅಂಕಣದಲ್ಲಿ ಇನ್ನೂ ಏನಾದರೂ ಇದ್ದರೆ ಮೇಲೆ ಹೇಳಿದ ಆರು ವಾರದ ಪ್ರಯೋಗ ಮಾಡಿ, ಆಮೇಲೆ ತೀರ್ಮಾನಿಸಿ. ಎರಡನೆಯದೂ ಮೂರನೆಯದೂ ಮಾತ್ರ ತುಂಬಿ, ಆಡಳಿತ ಮಂಡಳಿ ಒಂದು ಗಂಟೆಯ ಸಹಾಯವನ್ನೂ ಕೊಡಲೊಪ್ಪದಿದ್ದರೆ ಬಿಡುವುದರಲ್ಲಿ ಯಾವ ಅವಮಾನವೂ ಇಲ್ಲ. ಆಗಲೂ ಬಿಡಬೇಕಾಗಿರುವುದು ಆ ಶಾಲೆಯನ್ನು. ವೃತ್ತಿಯನ್ನೇ ಬಿಡಬೇಕೆಂದೇನಿಲ್ಲ. 22 ಮಕ್ಕಳ ತರಗತಿಯಲ್ಲಿ ನೀವು ಬೇರೆಯೇ ಟೀಚರ್ ಆಗಿರುತ್ತೀರಿ.

ಬಿಡುವುದಾದರೆ ಶೈಕ್ಷಣಿಕ ವರ್ಷದ ಕೊನೆಗೆ, ನೇಮಕ ಪತ್ರದಲ್ಲಿರುವಷ್ಟು ಮುಂಚಿತ ನೋಟಿಸ್ ಕೊಟ್ಟು ಬಿಡಿ. ಹತ್ತು ಅಥವಾ ಹೆಚ್ಚು ನೌಕರರಿರುವ ಶಾಲೆಯಲ್ಲಿ ಐದು ವರ್ಷ ಪೂರೈಸಿದ ಟೀಚರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡುಗಂಟು ಪಡೆಯುವ ಹಕ್ಕಿದೆ. ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿ ಶಿಕ್ಷಕರನ್ನು ಸೇರಿಸಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮ 12,000 ಪೂರ್ತಿ ಆ ಲೆಕ್ಕಕ್ಕೆ ಬರುವುದಾದರೆ ಆರು ವರ್ಷಕ್ಕೆ ಸುಮಾರು 41,500 ರೂಪಾಯಿ. ಪಿಎಫ್ ಕಡಿತವಾಗುತ್ತಿದ್ದರೆ ಯುಎಎನ್ (ನಿಮ್ಮ ಪಿಎಫ್ ಖಾತೆಯ ಸಂಖ್ಯೆ) ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಹಣ ಜಮೆಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಶಾಲೆಯಲ್ಲಿ ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದರೆ ರಾಜೀನಾಮೆಯ ಮಾತೆತ್ತುವ ಮುಂಚೆಯೇ ಬೇರೆ ಕೆಲಸಕ್ಕೆ ಬೇಕೆಂದು ಕೇಳಿ ಪಡೆದುಕೊಳ್ಳಿ. ರಾಜೀನಾಮೆಯ ಎರಡು ಪ್ರತಿ ಬರೆದು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸಹಿ, ಮೊಹರು, ತಾರೀಖು ಹಾಕಿಸಿಕೊಂಡು ಬನ್ನಿ.